ಓಕಳಿಪುರಂ: ತಲೆ ಎಣಿಸಿದ್ದಾಯ್ತು, ಹೆಜ್ಜೆ ಎಣಿಸಿದವರಿಲ್ಲ

ಮಾಗಡಿ ಕಡೆಯದೋ ಕುಣಿಗಲ್ ಕಡೆಯದೋ ಯಾವುದಾದರೊಂದು ಹಳ್ಳಿಯ ಹೆಸರು ಹೇಳಿ. ನೂರು ಮನೆಯ ಊರಾದರೂ ಪರವಾಗಿಲ್ಲ. ಜನಗಣತಿಯವರು ಪ್ರತಿ ಜಿಲ್ಲೆಗೂ ಒಂದು ದಪ್ಪ ಕೈಪಿಡಿ ಅಚ್ಚು ಹಾಕಿಸಿದ್ದಾರಲ್ಲ, ಅದರಲ್ಲಿ ಆ ಊರಿಗೆ ಒಂದು ಸಾಲು ಇದ್ದೇ ಇದೆ. ಜನ ಎಷ್ಟು, ಮನೆ ಎಷ್ಟು, ಸ್ಕೂಲು ಇದೆಯೋ ಇಲ್ಲವೋ, ಬಸ್ಸು ಬರುತ್ತದೋ ಇಲ್ಲವೋ, ರೈಲ್ವೆ ಸ್ಟೇಷನ್ ಎಷ್ಟು ದೂರ, ಎಲ್ಲವೂ ಆ ಒಂದೇ ಸಾಲಿನಲ್ಲಿ. ಊರಿನಲ್ಲೇ ಬಸ್ಸಿಲ್ಲದಿದ್ದರೆ ಅದು 5 ಕಿಲೋಮೀಟರಿನ ಒಳಗೆ ಸಿಗುತ್ತದೆಯೋ, 5ರಿಂದ 10ರ ನಡುವೆಯೋ, 10ನ್ನೂ ದಾಟಬೇಕೋ ಎಂಬುದಕ್ಕೆ ಒಂದೊಂದು ಗುರುತಿನ ಅಕ್ಷರ. 2011ರ ಲೆಕ್ಕದಲ್ಲಿ ದೇಶದ 6,40,867 ಹಳ್ಳಿಗಳಿಗೂ ಹೀಗೆ ಸಾಲು ಬಿದ್ದಿದೆ. ಜನವಸತಿ ಇಲ್ಲದ ಬೇಚರಾಕ್ ಗ್ರಾಮಕ್ಕೂ ಒಂದು ಸಾಲಿನ ಮರ್ಯಾದೆ ಸಿಕ್ಕಿದೆ.

ಈಗ ಓಕಳಿಪುರಂ ಎಲ್ಲಿದೆ ಹುಡುಕಿ. ಸಿಟಿ ರೈಲ್ವೆ ಸ್ಟೇಷನ್ನಿನ ಮಗ್ಗುಲಲ್ಲೇ ಇರುವ, ಮೆಜೆಸ್ಟಿಕ್ಕಿನಿಂದ ರಾಜಾಜಿನಗರಕ್ಕೆ ಹೋಗುವ ಬಸ್ಸುಗಳೆಲ್ಲ ಹಾದುಹೋಗುವ, ತುಮಕೂರಿನ ರೈಲಿನ ಸದ್ದಿಗೆ ಏಳುವ ಓಕಳಿಪುರಂ. ಸಿಕ್ಕುತ್ತದೆ, ಸಿಕ್ಕುವುದಿಲ್ಲ ಅಂತೇನಿಲ್ಲ. ಆದರೆ ಊರಾಗಿ ಅಲ್ಲ, ವಾರ್ಡಾಗಿ. 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಲ್ಲಿ ಇದು 96ನೆಯದು, ಗಾಂಧಿನಗರ ವಿಧಾನಸಭಾ ಕ್ಷೇತ್ರದ ಪಾಲು. ವಾರ್ಡಿನ ಸಾಲಿನಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಆರು ವರ್ಷದೊಳಗಿನ ಮಕ್ಕಳೆಷ್ಟು, ಓದು ಬಲ್ಲವರೆಷ್ಟು, ದುಡಿಯುವವರೆಷ್ಟು ಎಂದಿರುತ್ತದೆ. ಅಲ್ಲಿಗೆ ಮುಗಿಯಿತು. ಬಸ್ಸಿನ ಕಾಲಂ ಇಲ್ಲ. ರೈಲಿನ ಕಾಲಂ ಇಲ್ಲ. ಕಾಲುದಾರಿಯ ಕಾಲಂ ಮೊದಲೇ ಇಲ್ಲ.

ಹಳ್ಳಿಗೆ ಕೇಳುವ ಪ್ರಶ್ನೆ ಪಟ್ಟಣದ ಬಡಾವಣೆಗೆ ಕೇಳುವುದಿಲ್ಲ ಯಾಕೆ? ಪಟ್ಟಣ ಅಂದ ಮೇಲೆ ಬಸ್ಸು, ರೈಲು, ರಸ್ತೆ ಎಲ್ಲ ಇದ್ದೇ ಇರುತ್ತದೆ ಎಂಬುದು ಲೆಕ್ಕ ಬರೆಯುವವರ ನಂಬಿಕೆ. ಇದ್ದೇ ಇದೆ, ನಿಜ. ಇರುವುದೇ ಓಕಳಿಪುರಂನವರ ತೊಂದರೆ!

ಹಳ್ಳಿಯ ಫಾರಂ, ಪಟ್ಟಣದ ಉತ್ತರ

ಹಳ್ಳಿಗಳ ಫಾರಮ್ಮನ್ನೇ ತಂದು ಓಕಳಿಪುರಂಗೆ ತುಂಬಿದರೆ ಹೇಗಿರುತ್ತದೆ? 2011ರ ಹಳ್ಳಿ ಪಟ್ಟಿಯಲ್ಲಿ ಸಾರಿಗೆಗೆಂದೇ ಸಾಲು ಸಾಲು ಕಾಲಂಗಳಿವೆ. ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ರೈಲ್ವೆ ಸ್ಟೇಷನ್, ಆಟೋ, ಟ್ಯಾಕ್ಸಿ, ಟ್ರ್ಯಾಕ್ಟರು, ಸೈಕಲ್ ರಿಕ್ಷಾ, ಎತ್ತಿನ ಗಾಡಿ, ಕೊನೆಗೆ ದೋಣಿ. ರಸ್ತೆಯ ಸಾಲಿನಲ್ಲಿ ರಾಷ್ಟ್ರೀಯ ಹೆದ್ದಾರಿಯಿಂದ ಶುರುವಾಗಿ ಡಾಂಬರು, ಜಲ್ಲಿ ಎಲ್ಲ ಇಳಿದು ಕಾಲುದಾರಿಯವರೆಗೆ.

ಸರ್ಕಾರಿ ಬಸ್ಸು ಇದೆಯೇ? ಇದೆ, ಎಣಿಸಿ ಸುಸ್ತಾಗುವಷ್ಟು. ರೈಲ್ವೆ ಸ್ಟೇಷನ್? ನಡೆದರೆ ಕಾಲು ಗಂಟೆ. ಆಟೋ? ಇದೆ, ಬರ್ತಾರೋ ಇಲ್ಲವೋ ಅದು ಬೇರೆ ಮಾತು. ಗಾಡಿ? ತಳ್ಳುಗಾಡಿ ಬೇಕಾದಷ್ಟು. ದೋಣಿ? ಜೋರು ಮಳೆ ಬಂದ ಸಂಜೆ ರೈಲ್ವೆ ಅಂಡರ್‌ಪಾಸಿನ ಬಾಯಲ್ಲಿ ನಿಂತು ನೀರು ನೋಡಿದವರು ಈ ಕಾಲಂ ಬಗ್ಗೆ ನಗುವುದಿಲ್ಲ. ಇನ್ನು ಕಾಲುದಾರಿ. ಫುಟ್‌ಪಾತ್ ಅಂದರೆ ಹಳ್ಳಿಯಲ್ಲಿ ಹೊಲದ ಬದುವಿನ ಮೇಲೆ ಹೋಗುವ ದಾರಿ, ಪಟ್ಟಣದಲ್ಲಿ ರಸ್ತೆಯ ಅಂಚಿನ ಕಲ್ಲು ಹಾಸು. ಓಕಳಿಪುರಂನಲ್ಲಿ ಇವೆರಡರಲ್ಲಿ ಯಾವುದಕ್ಕೆ ಟಿಕ್ ಹಾಕಬೇಕೋ, ಬಸ್ಸಿಳಿದು ಗೋಡೆಗೆ ಭುಜ ತಾಗಿಸಿಕೊಂಡು ನಡೆಯುವ ಹೆಂಗಸರನ್ನೇ ಕೇಳಬೇಕು.

ಊರಿನ ಹೆಸರಿನ ಬಗ್ಗೆಯೂ ಒಂದು ಮಾತು. ಶೇಷಾದ್ರಿಪುರಂ, ಶ್ರೀರಾಮಪುರಂ, ಮಲ್ಲೇಶ್ವರಂ ಹಾಗೆ ಓಕಳಿಪುರಂಗೂ ಕೊನೆಯಲ್ಲಿ ಒಂದು ಸೊನ್ನೆ. ಕೆಲವರು ಸೊನ್ನೆ ತೆಗೆದು ಓಕಳೀಪುರ ಅಂತಲೂ ಬರೆಯುತ್ತಾರೆ. ಬಸ್ ಕಂಡಕ್ಟರು ಎರಡೂ ಬಿಟ್ಟು ‘ಓಕ್ಲಿಪುರಂ, ಓಕ್ಲಿಪುರಂ’ ಅಂತ ಮುಗಿಸುತ್ತಾರೆ. ಹೆಸರಲ್ಲಿ ಓಕಳಿ ಇದ್ದ ಮೇಲೆ ಮಳೆಗಾಲದಲ್ಲಿ ಕೆಸರಿನ ಓಕಳಿ ತಪ್ಪುತ್ತದೆಯೇ ಎಂದು ತಮಾಷೆ ಮಾಡುವವರಿದ್ದಾರೆ. ಸ್ಕೂಟರಿನವನ ಚಕ್ರದಿಂದ ಬಿಳಿ ಪಂಚೆಗೆ ಓಕಳಿ ಎರಚಿಸಿಕೊಂಡವರಿಗೆ ಅದು ಅಷ್ಟೇನೂ ತಮಾಷೆಯಲ್ಲ.

ಎರಡು ಕಂಬಿಗಳ ನಡುವಿನ ಕಥೆ

ಓಕಳಿಪುರಂ ಹೀಗಾದದ್ದಕ್ಕೆ ಕಾರಣ ಹುಡುಕಿದರೆ ನೂರನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಅದೂ ಕಂಟೋನ್ಮೆಂಟಿಗೆ, ಜೋಲಾರಪೇಟೆ ಕಡೆಯಿಂದ. ದಂಡಿನವರಿಗೆ ರೈಲು, ಪೇಟೆಯವರಿಗೆ ಎತ್ತಿನ ಗಾಡಿ. 1882ರಲ್ಲಿ ಮೈಸೂರಿನ ಹಾದಿ ತೆರೆಯಿತು, 1884ರಲ್ಲಿ ತುಮಕೂರಿನದು. ಪೇಟೆಯ ಪಡುವಣ ಅಂಚಿನಲ್ಲಿ ಸಿಟಿ ಸ್ಟೇಷನ್ ನಿಂತಿತು. ಸ್ಟೇಷನ್ನಿನ ಬಡಗಣ ತುದಿ ದಾಟಿದ ಕೂಡಲೇ ಕಂಬಿಗಳು ಕವಲೊಡೆಯುತ್ತವೆ. ಒಂದು ಬಲಕ್ಕೆ ಹೊರಳಿ ಕಂಟೋನ್ಮೆಂಟ್ ಮೇಲೆ ಮದರಾಸಿನ ಕಡೆಗೆ, ಇನ್ನೊಂದು ನೆಟ್ಟಗೆ ಮಲ್ಲೇಶ್ವರ, ಯಶವಂತಪುರದ ಮೇಲೆ ತುಮಕೂರಿನ ಕಡೆಗೆ. ಮೊದಲನೆಯದು ಬ್ರಾಡ್‌ಗೇಜ್, ಎರಡನೆಯದು ಆ ಕಾಲಕ್ಕೆ ಮೀಟರ್‌ಗೇಜ್. ಈ ಕವಲಿನ ಆಚೆ ದಡದಲ್ಲಿ ಓಕಳಿಪುರಂ, ಈಚೆ ದಡದಲ್ಲಿ ಮೆಜೆಸ್ಟಿಕ್. ನಡುವೆ ಕಂಬಿಗಳೇ ಹೊಳೆ.

ಹೊಳೆಗೆ ಸೇತುವೆ ಹಾಕುತ್ತಾರೆ. ಕಂಬಿಯ ಹೊಳೆಗೆ ಇಲ್ಲಿ ಕೆಳಗಿನಿಂದ ದಾರಿ ಮಾಡಿದರು. ಪೇಟೆಯಿಂದ ಓಕಳಿಪುರಂಗೆ ಬರಬೇಕಾದವನು ಮದರಾಸಿನ ಕಂಬಿಯ ಕೆಳಗೂ ನುಗ್ಗಬೇಕು, ತುಮಕೂರಿನ ಕಂಬಿಯ ಕೆಳಗೂ ನುಗ್ಗಬೇಕು. ಎತ್ತಿನ ಗಾಡಿಗೂ ಜಟಕಾಗೂ ಅಷ್ಟು ಸಾಕಾಗಿತ್ತು. ಆಗಿನವರು ಅಗಲ ಮಾಡಲಿಲ್ಲವಲ್ಲ ಎಂದು ಅವರನ್ನು ಬೈದು ಪ್ರಯೋಜನವಿಲ್ಲ. 1901ರಲ್ಲಿ ಪೇಟೆ, ದಂಡು ಎರಡೂ ಕೂಡಿಸಿ ಬೆಂಗಳೂರಿನ ಜನ 1 ಲಕ್ಷ 59 ಸಾವಿರ ಮಾತ್ರ.

ಆ 1901ರ ಅಂಕಿಯಲ್ಲೇ ಒಂದು ಕಹಿ ಸುದ್ದಿಯಿದೆ. ಅದಕ್ಕೂ ಹತ್ತು ವರ್ಷ ಹಿಂದೆ, 1891ರಲ್ಲಿ, ಬೆಂಗಳೂರಿನ ಜನಸಂಖ್ಯೆ 1 ಲಕ್ಷ 80 ಸಾವಿರ. ಎಲ್ಲ ಊರೂ ಬೆಳೆಯುವಾಗ ಬೆಂಗಳೂರು ಹತ್ತು ವರ್ಷದಲ್ಲಿ ಇಪ್ಪತ್ತೊಂದು ಸಾವಿರ ಜನರನ್ನು ಕಳೆದುಕೊಂಡಿತು. ಕಾರಣ ಪ್ಲೇಗು. 1898ರ ಆಗಸ್ಟಿನಲ್ಲಿ ಆ ಮಾರಿ ಬಂದದ್ದು ಹುಬ್ಬಳ್ಳಿ ಕಡೆಯಿಂದ, ಬಂದದ್ದೂ ಇದೇ ರೈಲಿನ ಹಾದಿಯಲ್ಲಿ. ಸತ್ತವರು ಸಾವಿರಾರು, ಊರು ಬಿಟ್ಟವರು ಇನ್ನೂ ಹೆಚ್ಚು. ಗಾಳಿ ಬೆಳಕಿನ ಅಗಲ ಬೀದಿಗಳೆಂದು ಮಲ್ಲೇಶ್ವರವನ್ನೂ ಬಸವನಗುಡಿಯನ್ನೂ ಹುಮ್ಮಸ್ಸಿನಿಂದ ಬೆಳೆಸಿದ್ದು ಆ ಏಟಿನ ಮೇಲೆಯೇ. ಸರ್ಕಲ್ಲು, ಕಾನ್ಸರ್ವೆನ್ಸಿ, ಸಾಲು ಮರ, ಪಾರ್ಕು ಎಲ್ಲ ಆ ಕಡೆಯವರ ಪಾಲಿಗೆ. ಕಂಬಿಯ ಈ ಮಗ್ಗುಲಿನ ಓಕಳಿಪುರಂ, ಶ್ರೀರಾಮಪುರಂಗಳು ಅಂಥ ನಕ್ಷೆಯ ಕೂಸುಗಳಲ್ಲ. ಕೆಲಸ ಹುಡುಕಿ ಬಂದವರು ಕೆಲಸದ ಹತ್ತಿರ ಒತ್ತಿಕೊಂಡು ಕಟ್ಟಿದ ಮನೆಗಳ ಬೀದಿಗಳಿವು.

ಕೆಲಸಕ್ಕೇನೂ ಬರವಿರಲಿಲ್ಲ. ತುಮಕೂರಿನ ರೈಲು ಓಡಿದ 1884ರಲ್ಲೇ ಬಿನ್ನಿ ಮಿಲ್ಲಿನ ಸಂಸ್ಥೆಯೂ ಹುಟ್ಟಿತು, ಮಲ್ಲೇಶ್ವರದ ಅಂಚಿನ ಮೈಸೂರು ಸ್ಪಿನ್ನಿಂಗ್ ಮಿಲ್ಲೂ ಹುಟ್ಟಿತು. ಜನರ ಬಾಯಲ್ಲಿ ಅದು ರಾಜಾ ಮಿಲ್. ಆಮೇಲೆ ಗೋಪಾಲಪುರದ ಕಡೆ ಮಿನರ್ವ ಮಿಲ್. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಮಿನರ್ವ ಮಿಲ್ಸ್ ಕೇಸು ಓದಿಯೇ ಪಾಸಾಗಬೇಕು. 1980ರ ಜುಲೈ 31ರಂದು ಸುಪ್ರೀಂ ಕೋರ್ಟು, ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟೂ ಕೆಡಿಸುವಂತಿಲ್ಲ ಎಂದು ತೀರ್ಪು ಕೊಟ್ಟ ಮೊಕದ್ದಮೆ ಅದು. ಆ ಮಿಲ್ಲು ಇದ್ದದ್ದು ಇದೇ ರೈಲು ಕಂಬಿಯ ಬದಿಯಲ್ಲಿ ಎಂಬುದು ಎಷ್ಟು ಜನ ವಕೀಲರಿಗೆ ಗೊತ್ತೋ! ಮಿಲ್ಲಿನ ಕೂಗಿಗೆ ಎದ್ದು, ಟಿಫನ್ ಕ್ಯಾರಿಯರ್ ಹಿಡಿದು, ಕಂಬಿ ಹಾರಿ ನಡೆದುಕೊಂಡೇ ಪಾಳಿಗೆ ಹೋದವರ ಮಕ್ಕಳು ಮೊಮ್ಮಕ್ಕಳೇ ಈಗ ಈ ಬೀದಿಗಳಲ್ಲಿರುವ ಹಳೇ ಸಂಸಾರಗಳು. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ನಲ್ಲಿಯ ಕ್ಯೂನಲ್ಲಿ ಕೇಳಿಸಿದ್ದು ಹಾಗೆ. ಆ ಕಾಲದ ಜನರಿಗೆ ಸಾರಿಗೆ ಅಂದರೆ ಎರಡು ಕಾಲು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಕೆಲಸ ದೂರ ಹೋಯಿತು, ಪೀಣ್ಯಕ್ಕೋ ಬೊಮ್ಮಸಂದ್ರಕ್ಕೋ. ಬಸ್ಸಿನ ಅಗತ್ಯ ಬಿದ್ದದ್ದು ಆಗ. ರಾಜಾ ಮಿಲ್ಲಿನ ಜಾಗದಲ್ಲಿ 2010ರಿಂದ ಮಂತ್ರಿ ಮಾಲ್ ನಿಂತಿದೆ. ಅಜ್ಜ ನೂಲು ತೆಗೆದ ಜಾಗದಲ್ಲಿ ಮೊಮ್ಮಗ ಎಸಿಯಲ್ಲಿ ಪ್ಯಾಂಟು ಕೊಳ್ಳುತ್ತಾನೆ.

ಬಿಟ್ರೆ ತಿರ್ಗಾ ಸಿಗೊಲ್ಲ

ಊರು ಬೆಳೆದ ವೇಗ ನೋಡಿ. 1941ರಲ್ಲಿ 4 ಲಕ್ಷ. ಯುದ್ಧ, ಕಾರ್ಖಾನೆ, ಸ್ವಾತಂತ್ರ್ಯ, ಪೇಟೆ ದಂಡುಗಳ ಕೂಡಿಕೆ ಎಲ್ಲ ಆಗಿ 1951ಕ್ಕೆ 7 ಲಕ್ಷ 79 ಸಾವಿರ. 1961ಕ್ಕೆ 12 ಲಕ್ಷ, 1971ಕ್ಕೆ 16 ಲಕ್ಷದ ಮೇಲೆ. 1981ಕ್ಕೆ 29 ಲಕ್ಷ! ಆ ಒಂದು ದಶಕದಲ್ಲಿ ಬೆಂಗಳೂರು ನೂರಕ್ಕೆ ಎಪ್ಪತ್ತೈದರಷ್ಟು ಉಬ್ಬಿತು. ದೇಶದ ದೊಡ್ಡ ಪಟ್ಟಣಗಳೆಲ್ಲ ತಿರುಗಿ ನೋಡಿದವು. 2011ಕ್ಕೆ ಪಾಲಿಕೆಯ ಎಲ್ಲೆಯೊಳಗೇ 84 ಲಕ್ಷ. ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 4,381 ಜನ. ಇಡೀ ಕರ್ನಾಟಕದ ಸರಾಸರಿ 319. 84 ಲಕ್ಷವನ್ನು 198 ವಾರ್ಡುಗಳಿಗೆ ಹಂಚಿದರೆ ವಾರ್ಡಿಗೆ 42 ಸಾವಿರ ಚಿಲ್ಲರೆ. ಅಂದರೆ ಒಂದು ಸರಾಸರಿ ವಾರ್ಡು ಅಂದರೆ ಒಂದು ತಾಲ್ಲೂಕು ಪಟ್ಟಣ. ಆದರೆ ತಾಲ್ಲೂಕು ಪಟ್ಟಣಕ್ಕಾದರೆ ಒಂದು ಬಸ್ ಸ್ಟ್ಯಾಂಡು ಕೊಡುತ್ತಾರೆ.

ಓಕಳಿಪುರಂಗೆ ಸ್ವಂತ ಬಸ್ ಸ್ಟ್ಯಾಂಡು ಬೇಕಾಗಿಯೂ ಇರಲಿಲ್ಲ ಅನ್ನಿ. ಪಕ್ಕದಲ್ಲೇ ಮೆಜೆಸ್ಟಿಕ್. ಕೆಂಪೇಗೌಡರ ಕಾಲದಿಂದ ಪೇಟೆಗೆ ನೀರು ಕೊಟ್ಟ ಧರ್ಮಾಂಬುಧಿ ಕೆರೆಯ ಒಡಲಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಬೆಂಗಳೂರಿನಲ್ಲಿ 1940ರಲ್ಲಿ ಖಾಸಗಿ ಟ್ರಾನ್ಸ್‌ಪೋರ್ಟ್ ಕಂಪನಿ, 1956ರಲ್ಲಿ ಸರ್ಕಾರದ ವಶಕ್ಕೆ ಬಂದು ಬಿ.ಟಿ.ಎಸ್., 1997ರಲ್ಲಿ ಬೇರೆಯಾಗಿ ಬಿ.ಎಂ.ಟಿ.ಸಿ. ಬಿ.ಟಿ.ಎಸ್. ಅಂದರೆ ‘ಬಿಟ್ರೆ ತಿರ್ಗಾ ಸಿಗೊಲ್ಲ’ ಎಂದು ಊರಿಗೆ ಊರೇ ಅರ್ಥ ಹೇಳುತ್ತಿದ್ದ ಕಾಲದಲ್ಲಿ ಓಕಳಿಪುರಂನವರ ಕಷ್ಟ ಬೇರೆಯಿತ್ತು. ಬಸ್ಸು ಸಿಗುತ್ತಿತ್ತು, ಜಾಗ ಸಿಗುತ್ತಿರಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ತುಂಬಿದ ಬಸ್ಸು ಮೊದಲ ಸ್ಟಾಪಿನಲ್ಲಿ ನಿಂತರೆಷ್ಟು ಬಿಟ್ಟರೆಷ್ಟು? ಹತ್ತುವವನು ಫುಟ್‌ಬೋರ್ಡಿನಲ್ಲಿ ತೂಗಬೇಕು. ಸಂಜೆ ವಾಪಸು ಬರುವಾಗ ಇದರ ಉಲ್ಟಾ. ರಾಜಾಜಿನಗರಕ್ಕೋ ಮಹಾಲಕ್ಷ್ಮಿ ಲೇಔಟಿಗೋ ಹೋಗುವವರೆಲ್ಲ ಬಾಗಿಲಲ್ಲಿ ನಿಂತಿರುವಾಗ ಒಳಗಿನಿಂದ ಮೊದಲ ಸ್ಟಾಪಿಗೇ ಇಳಿಯಬೇಕಾದವನ ಪಾಡು ಯಾರಿಗೂ ಬೇಡ. ‘ನಡ್ಕೊಂಡು ಹೋಗ್ಬಾರ್ದಾ, ಇಷ್ಟಕ್ಕೆ ಬಸ್ಸು ಯಾಕೆ?’ ಎಂಬ ಮಾತನ್ನು ಕೇಳದ ಓಕಳಿಪುರಂನವನಿಲ್ಲ.

ನಡೆಯಬಹುದು, ಆದರೆ ಎಲ್ಲಿ?

ಊರಿಗೆ ಊರೇ ಹೋಗುವ ಬಸ್ಸುಗಳೂ ಇದೇ ದಾರಿ ಹಿಡಿದಿವೆ. ಮೆಜೆಸ್ಟಿಕ್ಕಿನ ಒತ್ತಡ ಇಳಿಸಲೆಂದು 2014ರಲ್ಲಿ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ ತೆರೆದರು. ತುಮಕೂರು ಕಡೆಯ ಬಸ್ಸುಗಳು ಅಲ್ಲಿಂದಲೇ ಹೊರಡಲಿ ಎಂಬ ಲೆಕ್ಕ. ಕಾಗದದ ಮೇಲೆ ತಪ್ಪೇನಿರಲಿಲ್ಲ. ಆದರೆ ಊರಿನಿಂದ ಅಕ್ಕಿ ಮೂಟೆ, ಕೂಸು, ಬ್ಯಾಗು ಹೊತ್ತು ಬಂದವರು ಪೀಣ್ಯದಲ್ಲಿಳಿದು ಮತ್ತೊಂದು ಬಸ್ಸು ಹತ್ತಲು ಒಪ್ಪಲಿಲ್ಲ. ಬಸ್ಸುಗಳು ಮತ್ತೆ ಮೆಜೆಸ್ಟಿಕ್ಕಿಗೇ ಬಂದವು. ಪ್ರಯಾಣಿಕ ಗೆದ್ದ, ಓಕಳಿಪುರಂ ರಸ್ತೆ ಮತ್ತೆ ಭಾರ ಹೊತ್ತಿತು.

2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಇದು ಓಕಳಿಪುರಂನಂಥ ಜಾಗದಲ್ಲಿ ಮಾಡಿರುವ ಬದಲಾವಣೆ ಹೊರಗಿನವರಿಗೆ ಅಷ್ಟು ಬೇಗ ಕಾಣುವುದಿಲ್ಲ. ಮನೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರಿಗೆ ಒಂದು ಸ್ಟಾಪಿನ ದೂರಕ್ಕೆ ದುಡ್ಡು ಕೊಡುವುದೋ ಕಾಲು ಸವೆಸುವುದೋ ಎಂಬ ದಿನದ ಜಗಳವಿತ್ತಲ್ಲ, ಅದು ತಪ್ಪಿತು. ಈಗ ಹತ್ತುತ್ತಾರೆ. ಗಂಡಸರಿಗೆ ಮಾತ್ರ 2025ರ ಜನವರಿಯಿಂದ ಟಿಕೆಟ್ ದರ ನೂರಕ್ಕೆ ಹದಿನೈದು ಏರಿತು.

ಇನ್ನು ಮೆಟ್ರೋ. 2014ರ ಮಾರ್ಚಿನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ಹಸಿರು ಮೆಟ್ರೋ ಓಡಿತು. ಶ್ರೀರಾಮಪುರಕ್ಕೆ ಸ್ಟೇಷನ್ ಸಿಕ್ಕಿತು, ಸಂಪಿಗೆ ರಸ್ತೆಗೆ ಸಿಕ್ಕಿತು. 2016ರಲ್ಲಿ ನೇರಳೆ ಮೆಟ್ರೋ ಸಿಟಿ ರೈಲ್ವೆ ಸ್ಟೇಷನ್ನಿಗೂ ಬಂತು. ಓಕಳಿಪುರಂಗೆ? ಮೂರೂ ಕಡೆಯ ಸ್ಟೇಷನ್ನಿಗೆ ನಡೆದುಹೋಗುವ ಭಾಗ್ಯ. ಮದುವೆ ಮನೆಯ ಪಕ್ಕದ ಮನೆಯವರಿಗೆ ಸಪ್ಪಳ ಪೂರ್ತಿ, ಊಟ ಕರೆದರೆ ಉಂಟು. ಉಪನಗರ ರೈಲಿನ ಯೋಜನೆಗೆ 2022ರ ಜೂನ್ 20ರಂದು ಶಂಕುಸ್ಥಾಪನೆ ಆಯಿತು. ಅದರ ನಾಲ್ಕು ಹಾದಿಗಳಲ್ಲಿ ಸಿಟಿ ಸ್ಟೇಷನ್ನಿನಿಂದ ದೇವನಹಳ್ಳಿಗೆ ಹೋಗುವ ‘ಸಂಪಿಗೆ’ ಇದೇ ಬದಿಯಲ್ಲಿ ಹಾದು ಶ್ರೀರಾಮಪುರದಲ್ಲಿ ನಿಲ್ಲಬೇಕು ಎಂದಿದೆ. ಕೆಲಸಕ್ಕೆ ಮೊದಲು ಕೈ ಹಾಕಿದ್ದು ಮಾತ್ರ ಬೆನ್ನಿಗಾನಹಳ್ಳಿ–ಚಿಕ್ಕಬಾಣಾವರದ ಹಾದಿಗೆ.

ಎಂಟು ಸಾಲಿನ ದಾರಿ, ಹತ್ತು ವರ್ಷದ ಕೆಲಸ

ಓಕಳಿಪುರಂ ಹೆಸರು ಬೆಂಗಳೂರಿನ ಬಾಯಲ್ಲೆಲ್ಲ ಓಡಾಡಿದ್ದು ಎಂಟು ಸಾಲಿನ ರಸ್ತೆಯ ದೆಸೆಯಿಂದ. ಓಕಳಿಪುರಂ ಜಂಕ್ಷನ್ನಿನಿಂದ ಫೌಂಟನ್ ಸರ್ಕಲ್‌ವರೆಗೆ ಸಿಗ್ನಲ್ಲೇ ಇಲ್ಲದ ದಾರಿ. ಮಲ್ಲೇಶ್ವರದವರು, ರಾಜಾಜಿನಗರದವರು, ಮೆಜೆಸ್ಟಿಕ್ಕಿನವರು ಯಾರಿಗಾಗಿ ಯಾರೂ ನಿಲ್ಲಬೇಕಿಲ್ಲ. ನೂರು ಕೋಟಿಗೂ ಮಿಕ್ಕ ಯೋಜನೆ. ಶುರುವಾದದ್ದು 2010ರ ದಶಕದ ಮೊದಲ ವರ್ಷಗಳಲ್ಲಿ. ಈ ದೀಪಾವಳಿಗೆ, ಆ ಯುಗಾದಿಗೆ ಎಂಬಂತೆ ಗಡುವುಗಳು ಬಂದವು, ಹೋದವು. ಒಂದು ಕೈ ತೆರೆಯಿತು, ಇನ್ನೊಂದು ಕೈ ಬಾಕಿ. ಒಂದು ತಿರುವು ಮುಗಿಯಿತು, ಮತ್ತೊಂದು ಅಗೆತ. ದಶಕವೇ ದಾಟಿತು.

ಯಾಕೆ ಇಷ್ಟು ಹೊತ್ತು ಎಂದರೆ ಸೋಮಾರಿತನ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನ್ಯಾಯವಲ್ಲ. ಕೆಲಸವೇ ಅಂಥದ್ದು. ಮೇಲೆ ಹಗಲು ರಾತ್ರಿ ರೈಲು ಓಡುತ್ತಿರುವ ಕಂಬಿ. ಅದನ್ನು ಕಿತ್ತು ಕೆಳಗೆ ರಸ್ತೆ ಮಾಡುತ್ತೇವೆ ಎಂದರೆ ಆಗುವುದಿಲ್ಲ. ಅದಕ್ಕೇ ಕಂಬಿಯ ಪಕ್ಕದಲ್ಲಿ ಹಳ್ಳ ತೋಡಿ, ಅಲ್ಲೇ ಮನೆಯಷ್ಟು ದೊಡ್ಡ ಕಾಂಕ್ರೀಟ್ ಪೆಟ್ಟಿಗೆ ಎರಕ ಹೊಯ್ದು, ಜಾಕಿ ಕೊಟ್ಟು ಅಂಗುಲ ಅಂಗುಲವಾಗಿ ಕಂಬಿಯಡಿಯ ಮಣ್ಣಿನೊಳಗೆ ತಳ್ಳುತ್ತಾರೆ. ಮುಂದೆ ಮಣ್ಣು ತೆಗೆಯುತ್ತಾ ಹೋಗಬೇಕು, ಹಿಂದೆ ಪೆಟ್ಟಿಗೆ ನೂಕುತ್ತಾ ಹೋಗಬೇಕು. ಮೇಲಿನ ಕಂಬಿ ಕೂದಲೆಳೆಯಷ್ಟೂ ಕುಸಿಯದಂತೆ ಕಾಯಬೇಕು. ಆ ಹೊತ್ತಿನಲ್ಲಿ ರೈಲುಗಳು ಆಮೆ ನಡಿಗೆ. ಇದನ್ನು ಮದರಾಸಿನ ಕಂಬಿಯ ಕೆಳಗೂ ಮಾಡಬೇಕು, ತುಮಕೂರಿನ ಕಂಬಿಯ ಕೆಳಗೂ ಮಾಡಬೇಕು. ಸಾಲದ್ದಕ್ಕೆ ಕಂಬಿ ಮತ್ತು ಅದರ ಅಕ್ಕಪಕ್ಕದ ನೆಲ ದೆಹಲಿ ಸರ್ಕಾರದ ರೈಲ್ವೆಯದು, ಕೆಳಗಿನ ರಸ್ತೆ ಪಾಲಿಕೆಯದು. ಎರಡು ಮನೆಯ ಗೋಡೆ ಒಂದೇ ಇದ್ದರೆ ಸುಣ್ಣ ಬಳಿಯುವುದು ಯಾವಾಗ ಎಂಬುದು ಎಲ್ಲರಿಗೂ ಗೊತ್ತು.

ಆ ವರ್ಷಗಳಲ್ಲಿ ದುಡ್ಡು ಕಳೆದುಕೊಂಡವರು ಯಾರು ಎಂದರೆ ಅಂಗಡಿಯವರು. ಅಗೆದ ರಸ್ತೆಯ ಬಾಯಲ್ಲಿ ಯಾವ ಗಿರಾಕಿ ಸ್ಕೂಟರ್ ನಿಲ್ಲಿಸುತ್ತಾನೆ? ಧೂಳು ಒರೆಸುವುದರಲ್ಲೇ ಅರ್ಧ ದಿನ. ರಸ್ತೆ ಆದ ಮೇಲೂ ಲೆಕ್ಕ ಪೂರ್ತಿ ತಿರುಗಲಿಲ್ಲ. ಸಿಗ್ನಲ್ ಇದ್ದ ಕಾಲದಲ್ಲಿ ವಾಹನ ನಿಲ್ಲುತ್ತಿತ್ತು. ನಿಂತವನ ಕಣ್ಣು ಅಂಗಡಿಯ ಮೇಲೆ ಬೀಳುತ್ತಿತ್ತು, ಒಂದು ಮೊಳ ಹೂವೋ ಒಂದು ಪೊಟ್ಟಣ ಕಡಲೆಕಾಯೋ ವ್ಯಾಪಾರವಾಗುತ್ತಿತ್ತು. ಸಿಗ್ನಲ್ಲಿಲ್ಲದ ದಾರಿಯಲ್ಲಿ ಹೋಗುವವನು ಹೋಗುತ್ತಾನೆ, ನಿಲ್ಲುವುದಿಲ್ಲ. ಕೊಡುವ ಕೈ ಈ ದಡದಲ್ಲಿ, ಕೊಳ್ಳುವ ಕೈ ಆ ದಡದಲ್ಲಿ, ನಡುವೆ ಎಂಟು ಸಾಲು. ಮೊದಲು ಕಂಬಿ ಅಡ್ಡವಿತ್ತು, ಈಗ ರಸ್ತೆಯೂ ಅಡ್ಡ. ಬೆಂಗಳೂರಿನಲ್ಲಿ ನೋಂದಾಯಿಸಿದ ವಾಹನಗಳು ಒಂದು ಕೋಟಿ ಮೀರಿವೆ. ಅವುಗಳಿಗೆ ಐದು ನಿಮಿಷ ಉಳಿದದ್ದು ನಿಜ. ಈ ಬೀದಿಯ ಮುದುಕರಿಗೆ ಔಷಧಿ ಅಂಗಡಿಗೆ ಹೋಗಿಬರಲು ಐದು ನಿಮಿಷ ಹೆಚ್ಚಾದದ್ದೂ ನಿಜವೇ. ಮೊದಲನೆಯದನ್ನು ಎಂಜಿನಿಯರು ಅಳೆಯುತ್ತಾರೆ. ಎರಡನೆಯದಕ್ಕೆ ಯಾವ ಇಲಾಖೆ?

ನೀರಿನ ಲೆಕ್ಕ

ಆದರೆ ಅಂಗಡಿಯವರ ನಷ್ಟಕ್ಕಿಂತ ದೊಡ್ಡ ಮಾತು ಒಂದಿದೆ. ಅದು ನೀರು. ಈ ಜಾಗ ತಗ್ಗು. ಒಂದು ಕಡೆ ಜಕ್ಕರಾಯನ ಕೆರೆ, ಇನ್ನೊಂದು ಕಡೆ ಧರ್ಮಾಂಬುಧಿ. ಮಲ್ಲೇಶ್ವರದ ಎತ್ತರದಿಂದ ಇಳಿದ ಮಳೆನೀರು ಇಳಿಜಾರು ಹಿಡಿದು ಹರಿಯುತ್ತಿದ್ದ ದಾರಿ ಇದು. ಎರಡು ಕೆರೆಗಳೂ ಈಗ ನೆಲವಾಗಿವೆ. ಜಕ್ಕರಾಯನ ಕೆರೆ ಮೈದಾನವಾಗಿ ಹೆಸರು ಮಾತ್ರ ಉಳಿಸಿಕೊಂಡಿದೆ. ಕೆರೆ ಹೋಯಿತು ಎಂದು ಮೋಡಕ್ಕೆ ಯಾರೂ ಕಾಗದ ಬರೆದಿಲ್ಲ. ನೀರು ಬಂದೇ ಬರುತ್ತದೆ, ತಗ್ಗು ಹುಡುಕುತ್ತದೆ. ಅಲ್ಲಿರುವ ತಗ್ಗು ಯಾವುದು? ಅಂಡರ್‌ಪಾಸು.

ಇದು ಬರೀ ಬಟ್ಟೆ ಒದ್ದೆಯಾಗುವ ಮಾತಲ್ಲ. 2023ರ ಮೇ 21ರಂದು ಭಾನುವಾರ ಸಂಜೆಯ ಮಳೆಯಲ್ಲಿ ಕೆ.ಆರ್. ಸರ್ಕಲ್ಲಿನ ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ಕಾರು ಇಳಿದು, ಒಳಗಿದ್ದ ಇಪ್ಪತ್ತೆರಡು ವರ್ಷದ ಹುಡುಗಿ ಪ್ರಾಣ ಕಳೆದುಕೊಂಡಳು. ವಿಧಾನಸೌಧದ ಕೂಗಳತೆಯಲ್ಲಿ! ಮರುದಿನದಿಂದ ಊರಿನ ಅಂಡರ್‌ಪಾಸುಗಳ ತಪಾಸಣೆ ನಡೆಯಿತು. ಓಕಳಿಪುರಂನವರಿಗೆ ಆ ಸುದ್ದಿ ಕೇಳಿದಾಗ ಎದೆ ಹೊಡೆದುಕೊಂಡದ್ದು ಸುಮ್ಮನೆ ಅಲ್ಲ. ಇಲ್ಲಿಯವರಿಗೆ ಅಂಡರ್‌ಪಾಸು ಎಂದೋ ಒಮ್ಮೆ ಹಾಯುವ ದಾರಿಯಲ್ಲ. ಸ್ಕೂಲಿಗೆ, ಆಸ್ಪತ್ರೆಗೆ, ಮಾರ್ಕೆಟ್ಟಿಗೆ, ಬಸ್ಸಿಗೆ ಎಲ್ಲಕ್ಕೂ ಮನೆಯ ಹೊಸ್ತಿಲಿನಂತೆ ದಿನಕ್ಕೆ ನಾಲ್ಕು ಸಲ ದಾಟುವ ಜಾಗ. ಜೋರು ಮಳೆ ಬಂದ ಸಂಜೆ ಮನೆಯಲ್ಲಿರುವವರು ಹೊರಗೆ ಹೋದವರಿಗೆ ಫೋನು ಮಾಡಿ ಮೊದಲು ಕೇಳುವುದು ‘ಊಟಕ್ಕೆ ಬರ್ತೀರಾ’ ಎಂದಲ್ಲ, ‘ಆ ಕಡೆಯಿಂದ ಬರಬೇಡಿ, ಸುತ್ತಿಕೊಂಡು ಬನ್ನಿ’ ಎಂದು. ಸುತ್ತಿಕೊಂಡು ಬರುವುದೆಂದರೆ ಶೇಷಾದ್ರಿಪುರಂ, ಮಲ್ಲೇಶ್ವರ ಸುತ್ತಿ. ಇಲ್ಲವೇ ಮಾಗಡಿ ರಸ್ತೆಯ ಕಡೆಯಿಂದ. ಒಂದು ಕಿಲೋಮೀಟರು ನಾಲ್ಕಾಗುವುದು ಹಾಗೆ. ಹಳ್ಳಿಯ ಫಾರಮ್ಮಿನಲ್ಲಿ ‘ಎಲ್ಲ ಕಾಲಕ್ಕೂ ಬಳಸಬಹುದಾದ ರಸ್ತೆ ಇದೆಯೇ’ ಎಂದೂ ಒಂದು ಕಾಲಂ ಇದೆ. ಹಳ್ಳದ ಆಚೆಯ ಊರುಗಳಲ್ಲಿ ಇಲ್ಲ ಎಂದು ಬರೆಯುತ್ತಾರೆ. ಸಿಟಿ ಸ್ಟೇಷನ್ನಿನ ಮಗ್ಗುಲ ಓಕಳಿಪುರಂಗೆ ಏನು ಬರೆಯಬೇಕು?

ಹೇಳಿಕೊಳ್ಳೋಣವೆಂದರೆ ಬಾಗಿಲೂ ಇರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ.ಯೇ ಹೋಗಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು. ನಡುವಿನ ಐದು ವರ್ಷ ‘ನಮ್ಮ ಕಾರ್ಪೊರೇಟರ್’ ಎಂದು ಹಿಡಿದು 96ನೇ ವಾರ್ಡಿನವರು ಕೇಳಬಹುದಾದ ಆಸಾಮಿ ಯಾರೂ ಇರಲಿಲ್ಲ. ಮೋರಿ ಕಟ್ಟಿದರೆ ಅರ್ಜಿ, ದೀಪ ಕೆಟ್ಟರೆ ಅರ್ಜಿ, ಎಲ್ಲವೂ ಆಫೀಸರುಗಳಿಗೆ.

2011ರ ನಂತರ 2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೋನಾದಿಂದ ನಿಂತುಹೋಯಿತು. 2025ರ ಜೂನಿನಲ್ಲಿ ಹೊರಬಿದ್ದ ಅಧಿಸೂಚನೆಯ ಪ್ರಕಾರ ಎಣಿಕೆಯ ದಿನ 2027ರ ಮಾರ್ಚ್ 1. ಹದಿನಾರು ವರ್ಷದ ಹಳೇ ಅಂಕಿ ಹಿಡಿದು ರೇಷನ್ನು, ಸ್ಕೂಲು, ಬಸ್ಸು, ನೀರು ಹಂಚಿದ್ದಾರೆ ಎಂದಾಯಿತು. ಹೋದ ಸಲ, ಬೇಸಾಯ ಮತ್ತು ಮನೆಗೆಲಸದ ಉದ್ದಿಮೆ ಬಿಟ್ಟು ಹೊರಗೆ ದುಡಿಯುವವರನ್ನು ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಯಾತರಲ್ಲಿ ಹೋಗುತ್ತೀರಿ ಎಂದು ಕೇಳಿದ್ದರು. ಕಾಲ್ನಡಿಗೆ, ಸೈಕಲ್ಲು, ಬಸ್ಸು, ರೈಲು ಎಂದು ಉತ್ತರವೂ ಬರೆದುಕೊಂಡಿದ್ದರು. ಆ ಲೆಕ್ಕ ಹೊರಬಂದದ್ದು ಜಿಲ್ಲೆ ಜಿಲ್ಲೆಯ ಮೊತ್ತವಾಗಿ. ಇಡೀ ಬೆಂಗಳೂರು ಜಿಲ್ಲೆಯಲ್ಲಿ ನಡೆಯುವವರೆಷ್ಟು ಎಂದು ಗೊತ್ತಾಯಿತು. ಓಕಳಿಪುರಂ ಅಂಡರ್‌ಪಾಸಿನಲ್ಲಿ ಗೋಡೆ ಸವರಿಕೊಂಡು ನಡೆಯುವವರು ಆ ಮೊತ್ತದಲ್ಲಿ ಕರಗಿಹೋದರು.

ಈ ಸಲ ಎಣಿಕೆಯವರು ಮೆಜೆಸ್ಟಿಕ್ಕಿನ ಕಡೆಯಿಂದ ಬರುವುದಾದರೆ ಬಸ್ಸು ಹತ್ತದೆ ನಡೆದೇ ಬರಲಿ ಎಂಬುದು ಬೀದಿಯವರ ಆಸೆ. ಫೌಂಟನ್ ಸರ್ಕಲ್ ದಾಟಿ, ಒಂದು ಕಂಬಿಯ ಕೆಳಗೆ ನುಗ್ಗಿ, ಇನ್ನೊಂದು ಕಂಬಿಯ ಕೆಳಗೆ ನುಗ್ಗಿ, ಎಂಟು ಸಾಲು ದಾಟಿ ಮೊದಲ ಮನೆಯ ಬಾಗಿಲು ತಟ್ಟಲಿ. ಕಾಲಂ ಇಲ್ಲದಿದ್ದರೂ ಗೊತ್ತಾಗುತ್ತದೆ. ಆದರೆ ಅವರು ಬರುವುದು ಫೆಬ್ರವರಿಯಲ್ಲಿ. ಫೆಬ್ರವರಿಯ ಬೆಂಗಳೂರಿನಲ್ಲಿ ಮಳೆಯ ಮಾತೆಲ್ಲಿ, ಅಂಡರ್‌ಪಾಸು ಬೆಣ್ಣೆ ಸವರಿದ ಹಾಗೆ ಒಣಗಿ ಹೊಳೆಯುತ್ತಿರುತ್ತದೆ.